ಬಾಲ ಮುಂದಿಟ್ಟ ಚುಕ್ಕಿ

ಹದಿನೈದು ದಿನಗಳ ಹಿಂದೆ, ಮಸ್ಕಿಯ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದಾಗ ಲಿಂಗಸುಗೂರಿನಿಂದ ಫೋನು ಬಂತು. ಹೈಸ್ಕೂಲಿನಲ್ಲಿ ನನಗೆ ಕಲಿಸಿದ ಸರ್ ಅವರ ಮಗಳು. "ಅಬ್ಬಾ ಹೋದ್ರು ರೀ ಟೀಚರ್. ನಸುಕಿನ್ಯಾಗ ನಮಾಜಿಗೆ ಎದ್ದಿದ್ರು. ಕುಂತವ್ರು ಕುಂತಂಗ..." ಮುಂದಿನದು ನನಗೆ ಕೇಳಿಸಲಿಲ್ಲ.

ಅದಕ್ಕೆ ನಾಲ್ಕು ದಿನ ಮುಂಚೆಯಷ್ಟೇ ಇದೇ ಫೋನಿನಲ್ಲಿ, "ನಿನ್ನ ಎಂಟನೇತ್ತೆ ಹುಡುಗ್ರಿಗೆ ಬೀಜಗಣಿತ ಹತ್ತವಲ್ದಂತ, ಬಂದು ಒಂದು ಕೈ ನೋಡ್ಲೇನು?" ಎಂದು ಕೇಳಿದ್ದ ಮನುಷ್ಯ. ಇಲ್ಲ ಎಂದರೆ ನಂಬುವುದು ಹೇಗೆ? ನಾನು ಕ್ಲಾಸಿಗೆ ಹೋದೆ. ಡಸ್ಟರ್ ಎತ್ತಿಕೊಂಡು, ಒಂದಕ್ಷರವೂ ಇಲ್ಲದ ಬೋರ್ಡನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಒರೆಸಿದೆ. ಮಕ್ಕಳು ಮುಖ ಮುಖ ನೋಡಿಕೊಂಡವು. ಆಮೇಲೆ ಹೊರಗೆ ಬಂದು ಬಳಗಾನೂರಿನ ಹುಲಿಗೆಮ್ಮನಿಗೆ ಫೋನು ಹಚ್ಚಿದೆ. "ಬಸ್‌ಸ್ಟ್ಯಾಂಡಿನ್ಯಾಗ ನಿಂದ್ರು, ಬಂದೆ" ಅಂದಳು. ಹುಲಿಗೆಮ್ಮ ಯಾರು, ಅವಳಿಗೂ ಸರ್‌ಗೂ ಏನು ಸಂಬಂಧ ಎಂಬುದನ್ನೇ ನಾನು ಹೇಳಬೇಕಾಗಿದೆ.

ಸರ್ ಹೆಸರನ್ನು ಬರೆಯುವುದಿಲ್ಲ. ಬರೆದರೆ ಸಿಂಧನೂರಿನಿಂದ ಮುದಗಲ್ಲಿನವರೆಗೆ ನೂರಾರು ಮಂದಿ "ನಮಗೂ ಕಲಿಸ್ಯಾರ" ಎಂದು ಎದ್ದು ತಲೆಗೊಂದು ಕಥೆ ಹೇಳುತ್ತಾರೆ. ಆ ಕಥೆಗಳಲ್ಲೆಲ್ಲ ಅವರು ದೇವರಂಥವರು. ನನಗೆ ಗೊತ್ತಿದ್ದವರು ದೇವರಲ್ಲ, ತಪ್ಪು ಮಾಡಿದ ಮನುಷ್ಯ. ಅದಕ್ಕೇ ನನಗೆ ದೊಡ್ಡವರು.

ಎತ್ತರದ, ಬಡಕಲು ಆಳು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಕೆಂಪು ಪೆನ್ನು. ಮನೆ ಮುದಗಲ್ಲಿನಲ್ಲಿ, ನೌಕರಿ ಸಿಂಧನೂರಿನ ನಮ್ಮ ಹೈಸ್ಕೂಲಿನಲ್ಲಿ. ಅಲ್ಲೇ ಒಂದು ಖೋಲಿ ಮಾಡಿಕೊಂಡಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಪುಂಡಿಪಲ್ಯ, ಜೋಳದ ರೊಟ್ಟಿಯ ಗಂಟಿನೊಂದಿಗೆ ಇಳಿಯುತ್ತಿದ್ದರು. ಅವರು ಗಣಿತದವರು. ವಿಜ್ಞಾನದ ಹುದ್ದೆ ಖಾಲಿ ಬಿದ್ದದ್ದರಿಂದ ಅದನ್ನೂ ಅವರ ಕೊರಳಿಗೇ ಕಟ್ಟಿದ್ದರು. "ಲೆಕ್ಕಕ್ಕ ಮುಲಾಜಿಲ್ಲ ಬೇಟಾ" ಎನ್ನುವುದು ಅವರ ಮಾತು. ಗೌಡರ ಮಗಳಿಗೂ ಕೂಲಿಯವನ ಮಗನಿಗೂ ಅದೇ ಕೆಂಪು ಗೀಟು. ಮುಲಾಜು ಎಂಬುದೇ ಇಲ್ಲ.

ಬೇರೆ ಮಾಸ್ತರರು ಡಸ್ಟರನ್ನು ನಮ್ಮ ಕಡೆ ಎಸೆಯುತ್ತಿದ್ದರು. ಸರ್ ಅದನ್ನು ಸಂಜೆ ಚೀಲದಲ್ಲಿಟ್ಟುಕೊಂಡು ಖೋಲಿಗೆ ಒಯ್ಯುತ್ತಿದ್ದರು. ಸರಕಾರಿ ಡಸ್ಟರಲ್ಲ ಅದು. ಬೇವಿನ ಕಟ್ಟಿಗೆಗೆ ಹಳೇ ಕಂಬಳಿಯ ತುಂಡು ಸುತ್ತಿ ಅವರ ತಾಯಿ ದಬ್ಬಣದಿಂದ ಹೊಲಿದುಕೊಟ್ಟದ್ದು. ಅದಕ್ಕೊಂದು ಕಾಯಿದೆ ಇತ್ತು. ಬೋರ್ಡಿನ ಮೇಲೆ ಯಾರಾದರೂ ತಪ್ಪು ಬರೆದರೆ ಸರ್ ಒರೆಸುತ್ತಿರಲಿಲ್ಲ. ಯಾರು ಸರಿ ಬರೆಯುತ್ತಾರೋ ಅವರ ಕೈಗೆ ಡಸ್ಟರು. ಅವರೇ ತಪ್ಪನ್ನು ಒರೆಸಬೇಕು. ಮೆಡಲು ಪಡಲು ಕಾಣದ ನಮಗೆ ಆ ಕಂಬಳಿ ತುಂಡೇ ಮೆಡಲು. ಸಿಕ್ಕ ದಿನ ಕೈಯ ಸುಣ್ಣದ ಪುಡಿಯನ್ನು ತೊಳೆಯದೆ ಮನೆಯವರೆಗೆ ತಂದು ಅವ್ವನಿಗೆ ತೋರಿಸುತ್ತಿದ್ದೆವು.

ಆ ಕಾಯಿದೆಗೆ ಇನ್ನೊಂದು ಅರ್ಧ ಇತ್ತು. ತಪ್ಪು ಸರ್ ಅವರದೇ ಆದರೆ, ಅದನ್ನು ಹಿಡಿದವರು ಡಸ್ಟರ್ ತಗೊಂಡು ಒರೆಸಬೇಕು, ಸರ್ ಹೋಗಿ ಅವರ ಜಾಗದಲ್ಲಿ ಕೂರಬೇಕು, ಗಂಟೆ ಹೊಡೆಯುವವರೆಗೆ. ಒಮ್ಮೆ ಏಳೆಂಟಲೆ ಐವತ್ತನಾಲ್ಕು ಎಂದು ಬರೆದುಬಿಟ್ಟರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೆದರುತ್ತಾ ಕೈ ಎತ್ತಿದಳು. ಸರ್ ಆ ಉದ್ದನೆಯ ಕಾಲುಗಳನ್ನು ಮಡಚಿ ಅವಳ ಬೆಂಚಿನಲ್ಲಿ ತುರುಕಿಕೊಂಡರು. ಅದೇ ಹೊತ್ತಿಗೆ ಹೆಡ್‌ಮಾಸ್ತರರು ಬಾಗಿಲಲ್ಲಿ ಬಂದು ನಿಂತು "ಇದೇನ್ರೀ?" ಅಂದರೆ, "ಮಾಸ್ತರ್ ಅಲ್ಲಿ ನಿಂತಾರ ನೋಡ್ರಿ ಸಾಬ್, ಏನು ಕೇಳೂದಿದ್ರೂ ಅವ್ರನ್ನ ಕೇಳ್ರಿ" ಎಂದು ಆ ಹುಡುಗಿಯ ಕಡೆ ಕೈ ಮಾಡಿದರು.

ಇಂಥವರ ಬಾಯಿ ಮಾತ್ರ ಕತ್ತರಿ. ಹೊಡೆಯುತ್ತಿರಲಿಲ್ಲ, ನಗಿಸುತ್ತಿದ್ದರು. ಇಡೀ ಕ್ಲಾಸು ನಕ್ಕಾಗ ನಡುವೆ ನಿಂತವರಿಗೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ.

ನಾವು ಎಂಟನೆಯ ತರಗತಿಯಲ್ಲಿದ್ದ ವರ್ಷ, ಬೇಸಿಗೆಯ ಸುರುವಿನಲ್ಲಿ, ಸಂಜೆ ಪಡುವಲಿಗೆ ಬಾಲದ ಚುಕ್ಕಿಯೊಂದು ಕಾಣತೊಡಗಿತು. ಊರೆಲ್ಲ ಅದೇ ಮಾತು. ಹುಲಿಗೆಮ್ಮ ಆಗ ನನ್ನ ಜೀವದ ಗೆಳತಿ, ಒಂದೇ ಬೆಂಚು. ಜವಳಗೇರಾದಿಂದ ಬಸ್ಸಿಗೆ ಬರುತ್ತಿದ್ದಳು. ಒಂದು ಶನಿವಾರ ಅವಳ ಮನೆಗೆ ಹೋಗಿ ಉಳಿದೆ. ಅವರವ್ವ "ಹೆಣ್ಣುಡುಗ್ಯಾರು ಅದನ್ನ ನೋಡಬಾರ್ದು" ಎಂದು ಗದರಿದರೂ ನಾವಿಬ್ಬರು ಗದ್ದೆಯ ಒಡ್ಡಿನ ಮೇಲೆ ಕುಳಿತು ನೋಡಿದೆವು. ಹೊತ್ತು ಮುಳುಗಿದ ಕಡೆಗೆ ಅದರ ತಲೆ, ಬಾಲ ಮೇಲಕ್ಕೆ.

"ನಾ ದಿನಾ ನೋಡಾಕತ್ತೀನಿ ಬೇ" ಅಂದಳು ಹುಲಿಗೆಮ್ಮ. "ಚುಕ್ಕಿ ಜಾಗಾ ಬದಲಿ ಮಾಡ್ತೈತಿ. ಬಾಲ ಮಾತ್ರ ಒಂದಿನಾನೂ ಸೂರ್ಯಾನ ಕಡೆ ಹೊಳ್ಳಿಲ್ಲ. ಅವಂಗ ಬೆನ್ನು ಮಾಡೇ ನಿಂದರ್ತೈತಿ."

"ಹೌದಲ್ಲ" ಅಂದೆ ನಾನು. ಈ ಮೂರಕ್ಷರವನ್ನು ನೆನಪಿಡಿ. ನಾನು ನೋಡಿದ್ದೆ, ಒಪ್ಪಿದ್ದೆ.

ಮುಂದಿನ ವಾರ ಸರ್ ಬೋರ್ಡಿನ ಮೇಲೆ ಸೂರ್ಯನನ್ನು ಬರೆದು, ಅದನ್ನು ಸುತ್ತಿ ದೂರ ಹೋಗುವ ಒಂದು ದಾರಿ ಎಳೆದು, ಅದರ ಮೇಲೆ ಧೂಮಕೇತುವಿನ ತಲೆಯನ್ನಷ್ಟೇ ಇಟ್ಟರು. ಅದು ಸೂರ್ಯನನ್ನು ಬಿಟ್ಟು ಹೊರಟಿದೆ ಎಂದು ಬಾಣದ ಗುರುತು ಹಾಕಿದರು. "ಇದರ ಬಾಲ ಎಲ್ಲಿ?" ಹುಲಿಗೆಮ್ಮ ಎದ್ದು ಹೋಗಿ ಬಾಲವನ್ನು ತಲೆಯ ಮುಂದೆ ಬರೆದಳು, ಸೂರ್ಯನಿಗೆ ಬೆನ್ನು ಮಾಡಿ, ಹೋಗುವ ದಿಕ್ಕಿಗೆ.

ಸರ್ ನಕ್ಕರು. "ಬಾಲ ಮುಂದಿಟ್ಕೊಂಡು ನಡಿಯೋ ಎಮ್ಮಿ ನಿಮ್ಮ ಜವಳಗೇರಾದಾಗ ಅದಾವೇನು ಬೇಟಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹುಲಿಗೆಮ್ಮ ಬಗ್ಗಲಿಲ್ಲ. "ನೆಲ್ಲು ತೂರೋವಾಗ ನಾವು ಯಾ ಕಡೆ ನಡದ್ರೂ ಹೊಟ್ಟು ಗಾಳಿ ಹೋದ ಕಡೀಗೇ ಹೋಗ್ತೈತ್ರಿ ಸರ್. ಹಂಗ ಸೂರ್ಯಾನ ಗಾಳಿ ಇರಬೇಕ್ರಿ ಅದಕ್ಕ."

"ಸೂರ್ಯಾನ ಗಾಳಿ!" ಸರ್ ಇನ್ನೂ ಜೋರಾಗಿ ನಕ್ಕರು. "ಲಿಂಗಸುಗೂರು ಬಸ್ಸು ಹೋದ್ರ ಧೂಳು ಮುಂದ ಹೋಗ್ತೈತೋ, ಹಿಂದ ಬರ್ತೈತೋ? ಯಾರು ಸರಿ ಮಾಡ್ತೀರಿ?" ಅವರ ಕಣ್ಣು ನನ್ನ ಮೇಲೆ ನಿಂತಿತು. ನಾನು ಎದ್ದು ಹೋದೆ. ಬಾಲವನ್ನು ಹಿಂದೆ ಬರೆದೆ. "ಶಾಬಾಸ್" ಎಂದು ಸರ್ ಕಂಬಳಿ ಡಸ್ಟರನ್ನು ನನ್ನ ಕೈಗಿಟ್ಟರು. ಹುಲಿಗೆಮ್ಮ ಬೋರ್ಡಿನ ಪಕ್ಕದಲ್ಲೇ ನಿಂತಿದ್ದಳು. ಅವಳು ಬರೆದ ಬಾಲವನ್ನು ಅವಳ ಕಣ್ಣೆದುರಿಗೇ ಒರೆಸಿದೆ. ಸುಣ್ಣದ ಪುಡಿ ಅವಳ ತೋಳಿನ ಮೇಲೆ ಉದುರಿತು. ಆ ದಿನವೂ ನಾನು ಕೈ ತೊಳೆಯದೆ ಮನೆಗೆ ಹೋದೆ. ಥೂ ನನ್ನ!

ಅವಳಿಗೆ "ಮುಂದ್ಬಾಲ" ಎಂದು ಹೆಸರು ಬಿತ್ತು. ಒಂಬತ್ತನೆಯ ತರಗತಿಗೆ ಅವಳು ಬರಲಿಲ್ಲ. ಬಿಡುವುದಕ್ಕೆ ಕಾರಣ ಹತ್ತು ಇದ್ದಿರಬಹುದು, ಅದರಲ್ಲಿ ನಮ್ಮದೂ ಒಂದು.

ಬಿ.ಎಸ್ಸಿ. ಓದುವಾಗ ಲೈಬ್ರರಿಯಲ್ಲಿ ಒಂದು ಪುಸ್ತಕ ತೆರೆದು ಬೆವತುಹೋದೆ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಇರುತ್ತದೆ. ಸೂರ್ಯನನ್ನು ಬಿಟ್ಟು ಹೋಗುವಾಗ ಬಾಲವೇ ಮುಂದೆ. ಅದನ್ನು ಹಾಗೆ ತಳ್ಳುವುದು ಸೂರ್ಯನ ಬೆಳಕು ಮತ್ತು ಸೌರಮಾರುತ. ಸೌರಮಾರುತ! ಸೂರ್ಯನ ಗಾಳಿ! ಹದಿಮೂರು ವರ್ಷದ ಹುಡುಗಿ ಹೊಟ್ಟು ತೂರುವುದನ್ನು ನೋಡಿ ಹೇಳಿದ್ದ ಮಾತು ಅಲ್ಲಿ ಅಚ್ಚಾಗಿತ್ತು. ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ. ಹುಲಿಗೆಮ್ಮನಿಗೂ ಹೇಳಲಿಲ್ಲ, ಸರ್‌ಗೂ ಹೇಳಲಿಲ್ಲ. ಅವಳನ್ನು ಬಳಗಾನೂರಿಗೆ ಕೊಟ್ಟಿದ್ದಾರೆಂದು ಗೊತ್ತಿತ್ತು. ಮಸ್ಕಿಗೆ ಮಾಸ್ತರಿಕೆಗೆ ಬಂದ ಮೇಲೆ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಅವಳು ಕಂಡಿದ್ದಳು. ಪ್ರತಿ ಸಲವೂ ಮುಖ ಆ ಕಡೆ ತಿರುಗಿಸಿದೆ.

ಸರ್ ನಿವೃತ್ತರಾಗಿ ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿದ್ದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ನನ್ನ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಪಾಠ ಕೇಳುವುದು ಅವರ ಹವ್ಯಾಸ. ಚೀಲದಲ್ಲಿ ಡಸ್ಟರು ಇದ್ದೇ ಇರುತ್ತಿತ್ತು. ಹೋದ ವರ್ಷ ಇನ್ನೊಂದು ಬಾಲದ ಚುಕ್ಕಿ ಮೂಡಿದ ದಿನಗಳಲ್ಲಿ ನಮ್ಮ ಕಡೆ ಮೋಡ ಕವಿದು ಏನೂ ಕಾಣುತ್ತಿರಲಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಕುಳಿತು ಭೂಮಿ ಸುತ್ತುವವರು ಅಲ್ಲಿಂದಲೇ ತೆಗೆದ ವಿಡಿಯೋ ಒಂದು ನನಗೆ ಸಿಕ್ಕಿತ್ತು. ಅದನ್ನು ಕ್ಲಾಸಿನ ಟಿವಿಯಲ್ಲಿ ಹಚ್ಚಿದ ದಿನವೇ ಸರ್ ಬರಬೇಕೆ?

ಕೆಳಗೆ ಕಪ್ಪು ಭೂಮಿ, ಮೋಡದೊಳಗೆ ಅಲ್ಲಲ್ಲಿ ಮಿಂಚು. ಅಂಚಿಗೆ ನೂಲಿನಷ್ಟು ತೆಳ್ಳಗೆ ಕೆಂಪು. ಆ ಅಂಚಿನಿಂದ ಮೊದಲು ಒಂದು ಬಿಳಿ ಎಳೆ ಮೇಲೆದ್ದಿತು. ಎದ್ದಿತು, ಎದ್ದೇ ಎದ್ದಿತು, ತಲೆಯೇ ಇಲ್ಲ. ಮಕ್ಕಳು ಉಸಿರು ಹಿಡಿದವು. ಬಾಲವೆಲ್ಲ ಬಂದಾದ ಮೇಲೆ ಕೊನೆಯಲ್ಲಿ ಮಣಿಯಂತೆ ತಲೆ ಹೊರಬಿತ್ತು. ಅದರ ಬೆನ್ನಿಗೇ, ಅದು ಹುಟ್ಟಿದ ಜಾಗದಿಂದಲೇ, ಸೂರ್ಯ.

"ಬಾಲ ಮೊದ್ಲ ಬಂತಲ್ಲ!" ಹಿಂದಿನ ಬೆಂಚಿನಿಂದ ಸರ್ ಕೂಗಿದರು. ಎದ್ದು ನಿಂತಿದ್ದರು. "ಇನ್ನೊಮ್ಮೆ ಹಚ್ಚು." ಹಚ್ಚಿದೆ. "ಇನ್ನೊಮ್ಮೆ." ನಾಲ್ಕು ಸಲ ನೋಡಿದರು. ಆಮೇಲೆ ಬೋರ್ಡಿಗೆ ಬಂದು ಸೂರ್ಯನನ್ನು ಬರೆದು, ಅದನ್ನು ಸುತ್ತುವ ದಾರಿ ಎಳೆದು, ನಾಲ್ಕು ಕಡೆ ತಲೆ ಇಟ್ಟು, ನಾಲ್ಕಕ್ಕೂ ಸೂರ್ಯನಿಗೆ ವಿರುದ್ಧ ಬಾಲ ಎಳೆದರು. ಗಣಿತದವರಿಗೆ ಅಷ್ಟು ಸಾಕು. ಸೂರ್ಯನ ಕಡೆ ಬರುವ ಧೂಮಕೇತುವಿನ ಬಾಲ ಹಿಂದೆಯೇ ಇತ್ತು; ಹಳೇ ಪಠ್ಯದಲ್ಲಿದ್ದದ್ದು ಆ ಚಿತ್ರವೊಂದೇ. ಬಿಟ್ಟು ಹೋಗುವುದರ ಬಾಲ ಮುಂದೆ ನಿಂತಿತ್ತು. ಸೀಮೆಸುಣ್ಣ ಅವರ ಕೈಯಿಂದ ಬಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಓಡಿಹೋಗಿ ಕುರ್ಚಿ ಕೊಟ್ಟೆ.

"ಯಾ ಅಲ್ಲಾ. ಆ ಹುಡುಗಿ ಹುಲಿಗೆಮ್ಮ, ಜವಳಗೇರಾದಾಕಿ. ಎಲ್ಲಿ ಅದಾಳ ಈಗ?"

ಸಾವಿರಾರು ಮಕ್ಕಳಲ್ಲಿ ಅವಳ ಹೆಸರು, ಊರು ಎರಡೂ ಅವರ ನಾಲಿಗೆಯ ತುದಿಯಲ್ಲಿದ್ದವು. "ಬಳಗಾನೂರಾಗ್ರಿ ಸರ್" ಅಂದೆ.

ಅವರು ನನ್ನನ್ನೇ ನೋಡಿದರು. "ನೀನು ಸೈನ್ಸಿನಾಕಿ. ನಿನಗ ಇದು ಗೊತ್ತಿತ್ತೇನು?"

"ಹೂಂ ರೀ."

"ಯಾವಾಗಿಂದ?"

"ಡಿಗ್ರಿ ಓದೋವಾಗಿಂದ್ರಿ."

ಮಕ್ಕಳು ಕೇಳುತ್ತಿದ್ದರು. ಸರ್ ದನಿ ಎತ್ತಲಿಲ್ಲ. "ಬೇಟಾ, ಅವತ್ತು ನಾ ನಿನ್ನ ಕೈಯಾಗ ಡಸ್ಟರ್ ಕೊಟ್ಟಿದ್ದೆ" ಅಂದರು, ಅಷ್ಟೇ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನವೇ ಬಳಗಾನೂರಿಗೆ ಹೋಗಬೇಕೆಂದರು. ಎದೆನೋವಿನ ಮನುಷ್ಯ, ಬಿಸಿಲಿಗೆ ಅಡ್ಡಾಡಬೇಡ ಎಂದು ಡಾಕ್ಟರು ಹೇಳಿದ್ದರು. ಹೇಳಿನೋಡಿದೆ. "ಆಕಿ ಅಲ್ಲಿ, ತಪ್ಪು ಇಲ್ಲಿ. ನಾ ಹೋಗಿಬಿಟ್ರ ಯಾರು ಒರಸ್ತಾರ? ರಜಾ ಹಾಕು" ಅಂದರು.

ಹುಲಿಗೆಮ್ಮ ಈಗ ನಾಟಿಯ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ನಡೆಸುವ ಮೇಸ್ತ್ರಿ. ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಹೆಸರುಗಳಿದ್ದವು. ನಾಳೆ ಯಾರ್‍ಯಾರು ಯಾರ ಗದ್ದೆಗೆ ಎಂದು ಹಿಂದಿನ ದಿನವೇ ಬರೆದಿಡುತ್ತಾಳಂತೆ. ಕಾಲುವೆಯ ಕೊನೆಯ ಭಾಗವಾದ್ದರಿಂದ ಅಲ್ಲಿ ನೀರು ತಡ, ನಾಟಿಯೂ ತಡ. ಹುಡುಕಿಕೊಂಡು ಹೋದಾಗ ಇಪ್ಪತ್ತು ಹೆಂಗಸರ ಸಾಲಿನ ನಡುವೆ ಮೊಣಕಾಲುದ್ದ ಕೆಸರಲ್ಲಿ ಬಗ್ಗಿದ್ದಳು. ನಮ್ಮನ್ನು ಕಂಡು ನೆಟ್ಟಗಾದಳು. ಕೈಯಲ್ಲಿ ಸಸಿಯ ಕಟ್ಟು.

"ಸರ್ ಏನ್ರೀ? ಶರಣ್ರಿ. ಇಷ್ಟು ದೂರ ಬಂದೀರಿ?" ಆಮೇಲೆ ನನ್ನ ಕಡೆ ತಿರುಗಿ, "ಟೀಚರೂ ಬಂದಾರ" ಅಂದಳು. ಒಂದೇ ಬೆಂಚಿನವಳ ಬಾಯಿಂದ ಆ 'ಟೀಚರ್' ನನಗೆ ಚುಚ್ಚಿತು.

ಸರ್ ಒಡ್ಡಿನ ಮೇಲೆ ಕೋಲು ಊರಿ ನಿಂತು, ಹೆಂಗಸರೆಲ್ಲ ಕೇಳುವಂತೆ ಹೇಳಿದರು. "ಹುಲಿಗೆಮ್ಮಾ, ಅವತ್ತು ಬೋರ್ಡಿನ ಮ್ಯಾಲ ನೀ ಬರದದ್ದು ಸರಿ ಇತ್ತು. ಬಾಲ ಮುಂದಽ ಐತಿ. ಮ್ಯಾಲ ಹೋದವ್ರು ಕಣ್ಣಾರೆ ನೋಡಿ ಕಳಿಸ್ಯಾರ, ನಾ ನೋಡೀನಿ. ತಪ್ಪು ನಂದು."

ಸರ್ ಚೀಲದಿಂದ ಡಸ್ಟರು ತೆಗೆದು ಅವಳ ಕೆಸರುಗೈಗೆ ಇಟ್ಟರು. ಕಂಬಳಿ ಸವೆದು ದಾರ ಎದ್ದಿತ್ತು. "ಇನ್ನ ನೀ ಮ್ಯಾಲ ಬಾ" ಅಂದವರೇ ಚಪ್ಪಲಿ ಕಳಚಿ, ಪಾಯಿಜಾಮವನ್ನು ಮೊಣಕಾಲ ತನಕ ಮಡಚಿ, ಕೋಲು ನನ್ನ ಕೈಗೆ ಕೊಟ್ಟು ಕೆಸರಿಗೆ ಇಳಿದೇಬಿಟ್ಟರು.

ಹೆಂಗಸರೆಲ್ಲ "ಅಯ್ಯಯ್ಯ! ಯಜಮಾನ್ರ, ಬ್ಯಾಡ್ರಿ!" ಎಂದು ಕೂಗಿದರು. ಎಪ್ಪತ್ತರ ಮುದುಕ, ಎದೆನೋವು, ಜಾರಿದರೆ ಏನು ಗತಿ? ಹುಲಿಗೆಮ್ಮನಿಗೆ ಮಾತ್ರ ಅರ್ಥವಾಗಿತ್ತು. ತಪ್ಪು ಮಾಡಿದವರು ಹಿಡಿದವರ ಜಾಗದಲ್ಲಿ ಕೂರಬೇಕು. ಅವಳ ಜಾಗ ಈಗ ಇದು. ಅವಳು ಸುಮ್ಮನೆ ಒಡ್ಡು ಹತ್ತಿ ನಿಂತಳು. ಸರ್ ಅವಳು ಬಿಟ್ಟ ಕಡೆಯಿಂದ ಸಸಿ ಹಚ್ಚತೊಡಗಿದರು. ಒಂದೊಂದಕ್ಕೂ ಒಂದೊಂದು ಉಸಿರು.

"ಸಾಕು, ಬರ್ರಿ ಸರ್" ಅಂದಳು ಸ್ವಲ್ಪ ಹೊತ್ತಿಗೆ. "ನೀವು ನಕ್ಕಿದ್ದು ನನಗ ಮರತು ಹೋಗೇತ್ರಿ. ನೀವು ನೋಡಿರಲಿಲ್ಲ, ನಕ್ರಿ. ಈಕಿ ಒರಸಿದ್ದು ಮಾತ್ರ ಮರತಿಲ್ರಿ. ಈಕಿ ನನ್ನ ಕೂಡ ಒಡ್ಡಿನ ಮ್ಯಾಲ ಕುಂತು ನೋಡಿದ್ಲರಿ. ಹೌದಲ್ಲ ಅಂದಿದ್ಲರಿ."

ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಇಷ್ಟು ವರ್ಷ, ಅವಳ ನೋವು ಸರ್ ಅವರ ನಗುವಿನದು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಸರ್ ಬಗ್ಗಿದಲ್ಲಿಂದಲೇ ತಲೆ ಎತ್ತಿ ನೋಡಿದರು. ಡಿಗ್ರಿಯಲ್ಲಿ ಓದಿ ತಿಳಿದದ್ದು ಬೇರೆ. ಇದು ಅವರಿಗೆ ಗೊತ್ತಿರಲಿಲ್ಲ.

"ಅವತ್ತಽ ನೋಡಿದ್ದೇನು?"

"ಹೂಂ ರೀ ಸರ್."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಮಾಡುತ್ತಾರಲ್ಲ, ಹಾಗೆ ಕೆಸರಿನಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಬಾ. ಇಲ್ಲಿ ಜಾಗ ಐತಿ" ಅಂದರು.

ಇಳಿದೆ. ಇಸ್ತ್ರಿ ಮಾಡಿದ ಸೀರೆಯಲ್ಲೇ ಇಳಿದೆ. ಅಳುತ್ತಾ ಹಚ್ಚಿದೆ, ಎಷ್ಟು ಹಚ್ಚಿದೆನೋ ನೆನಪಿಲ್ಲ. ಹುಲಿಗೆಮ್ಮ ಡಸ್ಟರು ಹಿಡಿದು ಒಡ್ಡಿನ ಮೇಲೆ ನಿಂತು ನೋಡುತ್ತಲೇ ಇದ್ದಳು. ಕೊನೆಗೆ "ಸೀರಿ ಎತ್ತಿ ಕಟ್ಕೋ ಬೇ, ಎಲ್ಲಾ ಕೆಸರಾಗಾಕತ್ತೈತಿ" ಅಂದಳು.

ಅಂದಿನಿಂದ ಬಾಗಿಲ ಮೇಲಿನ ಹೆಸರುಗಳನ್ನು ಒರೆಸುವುದಕ್ಕೆ ಅವಳು ಆ ಡಸ್ಟರನ್ನೇ ಇಟ್ಟುಕೊಂಡಿದ್ದಾಳೆ.

ಸರ್ ಹೋದ ದಿನ ಲಿಂಗಸುಗೂರಿನ ಆ ಮನೆಯಲ್ಲಿ ಹೆಂಗಸರ ನಡುವೆ ನಾವಿಬ್ಬರೂ ಕುಳಿತಿದ್ದೆವು. ಗಂಡಸರು ಅವರನ್ನು ಮಣ್ಣಿಗೆಂದು ಮುದಗಲ್ಲಿಗೆ ಒಯ್ದಿದ್ದರು. ಅತ್ತೂ ಅತ್ತೂ ಸಾಕಾದ ಮಗಳು ಹುಲಿಗೆಮ್ಮನ ಕಡೆ ತಿರುಗಿದಳು. "ಅಬ್ಬಾ ಹೇಳ್ತಿದ್ರು ರೀ, ಬಳಗಾನೂರಾಗ ಒಂದಿನ ನೆಲ್ಲು ಹಚ್ಚಿ ಬಂದೀನಿ ಅಂತ. ನಾವು ನಕ್ಕುಬಿಡ್ತಿದ್ವಿ. ಖರೇ ಏನ್ರಿ?"

"ಖರೇನವ್ವಾ" ಅಂದಳು ಹುಲಿಗೆಮ್ಮ. "ಹನ್ನೊಂದು ಸಸಿ ಹಚ್ಚಿದ್ರು. ನಾಕು ತೇಲಿದ್ವು, ಏಳು ನಿಂತ್ವು. ಆ ಏಳೂ ತೆನಿ ಹಿಡದ್ವು, ನಾ ಕೈ ಹಚ್ಚಲಿಲ್ಲ."

ಆಮೇಲೆ ಬಲಗೈಯನ್ನು ನನ್ನ ಮೊಣಕಾಲ ಮೇಲಿಟ್ಟು ಒತ್ತಿ ಹಿಡಿದು, ನನಗೆ ಅಲ್ಲಿಯವರೆಗೆ ಗೊತ್ತೇ ಇರದ ಮಾತನ್ನು ಆಡಿದಳು. "ಈಕಿ ಹಚ್ಚಿದ್ದು ಮಾತ್ರ, ಇಬ್ಬರನ್ನೂ ಬಸ್ಸು ಹತ್ತಿಸಿ ಬಂದು, ಬೋರ್ಡು ಒರಸಿದಂಗ ಎಲ್ಲಾ ಕಿತ್ತು ನಾನಽ ಮತ್ತ ಹಚ್ಚಿದೆ."